ಮನ್ಯಾಗ ಒಂದು ಐತಿ

ನಮ್ಮ ಅತ್ತೆಯ ಬಲಗೈಯಲ್ಲಿ, ಮೊಣಕೈಗಿಂತ ತುಸು ಕೆಳಗೆ, ಒಂದು ಬಿಳಿ ಗೆರೆ ಇತ್ತು. ಅದು ಉಪ್ಪಿನ ಗೆರೆ. ದಿನಕ್ಕೆ ಎರಡು ಮೂರು ಸಲ ಆ ಕೈಯನ್ನು ಗಾಜಿನ ತೊಟ್ಟಿಯ ಉಪ್ಪುನೀರಿಗೆ ಇಳಿಸಿ ಏನನ್ನೋ ಎತ್ತಿ, ಏನನ್ನೋ ಸರಿಸಿ, ಒರೆಸಿಕೊಳ್ಳದೆ ಹಾಗೇ ಒಣಗಲು ಬಿಡುತ್ತಿದ್ದರು. ನೀರು ಎಲ್ಲಿಯವರೆಗೆ ಏರಿತ್ತೋ ಅಲ್ಲಿ ಬಳೆಯ ಹಾಗೆ ಉಪ್ಪು ಉಳಿಯುತ್ತಿತ್ತು. ಅದೇ ಕೈಯಿಂದ ನನ್ನ ತಟ್ಟೆಗೆ ರೊಟ್ಟಿ ಹಾಕುತ್ತಿದ್ದರು.

ಹೆಂಡತಿಯನ್ನು ಕೇಳಿದರೆ ಅದು ಎಡಗೈ ಎನ್ನುತ್ತಾಳೆ. ಎಡಗೈಯಾದರೆ ರೊಟ್ಟಿಯ ಮಾತು ಸುಳ್ಳಾಗುತ್ತದೆ, ಯಾಕೆಂದರೆ ನಮ್ಮ ಕಡೆ ಎಡಗೈಯಲ್ಲಿ ಯಾರೂ ಬಡಿಸುವುದಿಲ್ಲ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಒಬ್ಬನೇ ಸಾಕ್ಷಿಯ ಮಾತನ್ನು ಹಾಗೇ ನುಂಗಬೇಡಿ ಎಂದು ವರ್ಷವಿಡೀ ಹೇಳುತ್ತೇನೆ. ಇಲ್ಲಿ ಆ ಒಬ್ಬನೇ ಸಾಕ್ಷಿ ನಾನು. ಸಾಲದ್ದಕ್ಕೆ, ಅವರನ್ನು ಕಂಡರೆ ಆಗದ ಸಾಕ್ಷಿ.

ನಾನು ಸಿಂದಗಿಯ ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಬಂದಾಗ, ಬಾಡಿಗೆ ಮನೆ ಸಿಗುವವರೆಗೆ ಎಂದು ಹೆಂಡತಿಯ ತಾಯಿಯ ಮನೆಯಲ್ಲಿ ಇಳಿದುಕೊಂಡೆ. ಮನೆ ಸಿಗಲಿಲ್ಲ. ಸಿಕ್ಕವು ಹೆಂಡತಿಗೆ ಹಿಡಿಸಲಿಲ್ಲ. ಹೀಗೆ ನಾನು ಮನೆ ಅಳಿಯನಾದೆ. ಊರಿನಲ್ಲಿ ಈ ಪದವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಕಿರಾಣಿ ಅಂಗಡಿಯಲ್ಲಿ "ಯಾರ ಮನಿಯವರ್ರಿ?" ಎಂದು ಕೇಳಿದಾಗ ಅತ್ತೆಯ ಮನೆಯ ಗುರುತು ಹೇಳಬೇಕಾಗುತ್ತಿತ್ತಲ್ಲ, ಅಷ್ಟು ಸಾಕಾಗಿತ್ತು.

ಅತ್ತೆ ಸಿಂದಗಿಯವರೇ. ಆದರೆ ಬಾಳಿನ ಬಹುಪಾಲನ್ನು ಗೋವಾದ ವಾಸ್ಕೋದಲ್ಲಿ ಕಳೆದವರು. ಮಾವ ಅಲ್ಲಿ ಮೀನುಗಾರರ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದರಂತೆ. ನಾನು ಅವರನ್ನು ನೋಡಿಲ್ಲ. ಅವರು ತೀರಿದ ಮೇಲೆ ಅತ್ತೆ ಊರಿಗೆ ಮರಳಿದರು. ಬರುವಾಗ ಜನ ಪಾತ್ರೆ ಪಗಡ ತರುತ್ತಾರೆ, ಇವರು ಸಮುದ್ರ ತಂದರು. ಮನೆಯ ಪಡಸಾಲೆಯಲ್ಲಿ, ನಾನು ಮೇಜು ಹಾಕಿಕೊಂಡು ಓದಬಹುದಾಗಿದ್ದ ಗೋಡೆಯ ಉದ್ದಕ್ಕೂ, ಆ ತೊಟ್ಟಿ ಕೂತಿತ್ತು. ಒಳಗೆ ಕಲ್ಲುಗಳು, ಕಲ್ಲಿನ ಮೇಲೆ ಮುಂಬೈಯಲ್ಲಿ ತೊಟ್ಟಿಯಲ್ಲೇ ಬೆಳೆಸಿ ಮಾರುವವರಿಂದ ತರಿಸಿದ ಹವಳಗಳು, ಎರಡು ಕಿತ್ತಳೆ ಬಣ್ಣದ ಮೀನು. ಹವಳ ಕಲ್ಲಲ್ಲ, ಜೀವ. ಹಗಲು ದೀಪ ಹತ್ತಿದಾಗ ಬೆರಳು ಬಿಚ್ಚಿದಂತೆ ಬಿಚ್ಚಿಕೊಳ್ಳುತ್ತದೆ. ಅದರ ಮೇಲೆ ಪಾಚಿ ಕವಿದರೆ ಉಸಿರು ಕಟ್ಟಿ ಸಾಯುತ್ತದೆ. ಪಾಚಿ ತಿನ್ನಲು ಬಸವನಹುಳು ಬೇಕು, ಉಳಿದ ಕಸಕ್ಕೆ ಏಡಿ ಬೇಕು. ಇಷ್ಟನ್ನು ನಾನು ಕಲಿತದ್ದು ಕುತೂಹಲದಿಂದಲ್ಲ. ಆ ಮನೆಯಲ್ಲಿ ಊಟಕ್ಕೆ ಕೂತಾಗ ಬೇರೆ ಮಾತೇ ಇರುತ್ತಿರಲಿಲ್ಲ.

ಅವರು ನನ್ನನ್ನು ಒಮ್ಮೆಯೂ ಏಕವಚನದಲ್ಲಿ ಬೈಯಲಿಲ್ಲ. ಎಲ್ಲವನ್ನೂ ರೀ ಹಚ್ಚಿಯೇ ಬೈದರು. "ಅಳಿಯಂದ್ರ, ನೀವು ಭಾಳ ಓದಿದವರು. ಸ್ವಿಚ್ ಯಾವ ಕಡೆ ಒತ್ತಿದ್ರ ದೀಪ ಆರತೈತಿ ಅನ್ನೂದು ಯಾವ ಪುಸ್ತಕದಾಗೂ ಇಲ್ಲೇನ್ರಿ?" ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ, ಇಂಥ ಮಾತು. ಹೊರಗಿನವರಿಗೆ ಅದು ಮರ್ಯಾದೆಯ ಹಾಗೆ ಕೇಳಿಸುತ್ತಿತ್ತು. ನಾನೂ ಅಷ್ಟೇ ಮರ್ಯಾದೆಯಿಂದ ಅವರನ್ನು ದ್ವೇಷಿಸಿದೆ.

ಇನ್ನು ಆ ಹೆಸರು. ಸನ್ಯಾಸಿ ಏಡಿ ಅಂತ ಒಂದಿದೆ. ಅದಕ್ಕೆ ಸ್ವಂತ ಚಿಪ್ಪಿಲ್ಲ, ಹಿಂಭಾಗ ಮೆತ್ತಗೆ. ಸತ್ತ ಹುಳುವಿನ ಖಾಲಿ ಶಂಖದೊಳಗೆ ಹಿಂದಿನಿಂದ ತೂರಿಕೊಂಡು, ಅದನ್ನೇ ಹೊತ್ತು ತಿರುಗುತ್ತದೆ. ಪುಸ್ತಕದಲ್ಲಿ ಸನ್ಯಾಸಿ. ಅತ್ತೆಯ ಬಾಯಲ್ಲಿ ಅದು 'ಮನಿಅಳಿಯ'.

"ಮನಿಅಳಿಯ ಇವತ್ತ ಹೊರಗ ಬಂದಿಲ್ಲ ನೋಡವಾ," ಎಂದು ಮಗಳಿಗೆ ಹೇಳುತ್ತಿದ್ದರು. ನಾನು ಒಳಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ.

ಒಂದು ಬೇಸಿಗೆಯಲ್ಲಿ ತೊಟ್ಟಿ ಕೆಟ್ಟಿತು. ಸಿಂದಗಿಯ ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಆರಿದಷ್ಟನ್ನು ಫಿಲ್ಟರ್ ನೀರಿನಿಂದ ತುಂಬಬೇಕು. ಅತ್ತೆ ಕಣ್ಣಿನ ಆಪರೇಷನ್ನಿಗೆ ಹೋಗಿದ್ದಾಗ ಕೆಲಸದವಳು, ಹೇಗೂ ಉಪ್ಪುನೀರೇ ಬೇಕಲ್ಲ ಎಂದು ಬೋರಿನ ಸವಳು ನೀರನ್ನು ಸುರಿದುಬಿಟ್ಟಳು. ಹುಳುಗಳು ಒಂದೊಂದಾಗಿ ಸತ್ತವು. ಏಡಿಗಳಲ್ಲಿ ಒಂದು ಮಾತ್ರ ಉಳಿಯಿತು. ಹದಿನೈದು ದಿನದಲ್ಲಿ ಹವಳದ ಮೇಲೆ ಹಸಿರು ಕೂದಲಿನಂಥ ಪಾಚಿ ಬೆಳೆಯಿತು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಗಾಜಿಗೆ ಮೂಗು ತಾಗಿಸಿ ನಿಂತಿರುತ್ತಿದ್ದರು. ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

ಅದೇ ಹೊತ್ತಿಗೆ ನನಗೆ ಬಸ್ ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ಮನೆ ಸಿಕ್ಕಿತ್ತು. ಮಾಲೀಕರಿಗೆ ಮಾತು ಕೊಟ್ಟು ಬಂದಿದ್ದೆ. ಹೆಂಡತಿ, "ಅವ್ವನ ಟಾಕಿ ಒಂದು ಸರಿ ಆಗ್ಲಿರಿ, ಆಮ್ಯಾಲ ಹೋಗೂಣ," ಎಂದಳು. ಅವಳ ಶಾಲೆಯಲ್ಲಿ ಪರೀಕ್ಷೆ ನಡೆದಿತ್ತು. ಹಾಗಾಗಿ, ಆದಷ್ಟು ಬೇಗ ಆ ಮನೆಯಿಂದ ಹೊರಬೀಳುವ ಸ್ವಾರ್ಥದಿಂದ, ನಾನೇ ಅತ್ತೆಯನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಸಮುದ್ರದ ಜೀವಿಗಳನ್ನು ಮಾರುವ ಒಂದು ಸಣ್ಣ ಅಂಗಡಿ ಇತ್ತು. ಅಂಗಡಿಯವನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು.

"ನನಗ ಮಸುಕ ಮಸುಕ ಕಾಣತೈತಿ. ನೀವು ನೋಡಿ ಹೇಳ್ರಿ, ನಾ ಆರಸ್ತೇನಿ," ಎಂದರು ಅತ್ತೆ. "ಒಂದು ಹುಳ ತಗೊಂಡು ಅಂಗಾತ ಹಾಕ್ರಿ."

ಹಾಕಿದೆ. ಗೋಪುರದಾಕಾರದ ಹುಳು ಕುತ್ತಿಗೆ ಚಾಚಿ, ನೆಲ ಹುಡುಕಿ, ಮೆಲ್ಲಗೆ ಹೊರಳಿ ಎದ್ದಿತು.

"ಎದ್ದಿತೇನ್ರಿ?"

"ಎದ್ದಿತ್ರಿ."

"ಹಾಕ್ಕೊರಿ. ಇನ್ನೊಂದು?"

"ಇದು ಏಳವಲ್ದು."

"ಬಿಡ್ರಿ ಅದನ್ನ. ದಿನಾ ಎಬ್ಬಿಸಿ ಕೂಡಸಾಕ ನಮ್ಮ ಮನ್ಯಾಗ ಯಾರಿಗೂ ಪುರಸೊತ್ತಿಲ್ಲ. ಎಬ್ಬಿಸಬೇಕಾದವರು ಆಗ್ಲೇ ಭಾಳ ಮಂದಿ ಅದಾರ."

ನಾನು ಬೆಳಗ್ಗೆ ತಡವಾಗಿ ಏಳುವವನು. ಅಂಗಡಿಯವನಿಗೆ ಅದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಆಮೇಲೆ ಅವರು ಕಪ್ಪಗಿನ ದುಂಡು ಹುಳುಗಳನ್ನು ಕೇಳಿದರು. ಅವು ತಣ್ಣೀರಿನ ಹುಳು, ನಮ್ಮ ಸೆಕೆಗೆ ಬದುಕುವುದಿಲ್ಲ ಎಂದು ನಾನು ಹಿಂದಿನ ದಿನವಷ್ಟೇ ಓದಿದ್ದೆ. ಹೇಳಿದೆ.

"ಹೌದ್ರಿ? ಯಾವ ರಾಜನ ಕಾಲದಾಗ ಬರದಿಟ್ಟಾರ್ರಿ ಹಂಗಂತ?" ಎಂದು ಕೇಳಿ, ಹತ್ತು ಹಾಕಿಸಿಕೊಂಡರು.

ಅಂಗಡಿಯವನು ಕೆಂಪು ಬಣ್ಣದ ದೊಡ್ಡ ಏಡಿಯೊಂದನ್ನು ತೋರಿಸಿದ. ಅತ್ತೆ ಅದರ ಇಕ್ಕಳದಂಥ ಕೈ ಹೇಗಿದೆ ಎಂದು ನನ್ನನ್ನು ಕೇಳಿದರು. ಚೂಪಾಗಿದೆ ಎಂದೆ. "ಪಾಚಿ ಕೆರಿಯೂ ಕೈ ಚಮಚಾ ಇದ್ದಂಗ ಇರಬೇಕು. ಇದು ಚುಚ್ಚೂ ಕೈ. ಬ್ಯಾಡ." ಕೊನೆಗೆ ಸನ್ಯಾಸಿ ಏಡಿಗಳ ತಟ್ಟೆ ಬಂತು. ಉಗುರಿನಷ್ಟು ಸಣ್ಣವು, ನೀಲಿ ಕಾಲಿನವು.

"ಇವಕ್ಕ ನಾವು ಮನಿಅಳಿಯ ಅಂತೇವ್ರಿ," ಎಂದರು ಅತ್ತೆ, ಅಂಗಡಿಯವನಿಗೆ.

"ಹತ್ತು ಹಾಕ್ಲೇನ್ರಿ ಅಕ್ಕಾರ?"

"ಹತ್ತ್ಯಾಕ್ರಿ, ಐದು ಸಾಕು. ಮನ್ಯಾಗ ಒಂದು ಐತಿ."

ಅಂಗಡಿಯವನು ನಕ್ಕ. ಥರ್ಮಾಕೋಲ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ ನನ್ನನ್ನು ನೋಡಿ ನಕ್ಕ.

ಬರುವಾಗ ಇಂಡಿ ಪಟ್ಟಣದಲ್ಲಿ ಬಸ್ ಬದಲಿಸಬೇಕಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತಿದ್ದೆವು, ಡಬ್ಬಿ ನನ್ನ ತೊಡೆಯ ಮೇಲೆ. ನಾನು ಅವರ ಮುಖ ನೋಡದೆ, "ಮುಂದಿನ ತಿಂಗಳ ನಾವು ಬ್ಯಾರೆ ಮನಿ ಮಾಡ್ತೇವ್ರಿ," ಎಂದೆ.

"ಮಾಡ್ರಿ," ಎಂದರು. "ಡಬ್ಬಿ ಸರಳ ಹಿಡೀರಿ."

ಆ ಸಂಜೆ ಹೆಂಡತಿಯ ಮುಂದೆ ಕೂಗಾಡಿದೆ. ಪರವೂರಿನ ಅಂಗಡಿಯವನ ಮುಂದೆ ನಿನ್ನ ತಾಯಿ ನನಗೆ ಏಡಿಯೆಂದರು ಎಂದೆ. ಅವಳು ಶಾಂತವಾಗಿ ಕೇಳಿದಳು: "ಏನಂದ್ಲು? ಸರಿಯಾಗಿ ಹೇಳ್ರಿ."

"ಮನ್ಯಾಗ ಒಂದು ಐತಿ."

"ಐತಿ ಅಂದ್ಲೋ, ಅದಾರ ಅಂದ್ಲೋ?"

"ಐತಿ."

"ಹಂಗಿದ್ರ ಟಾಕ್ಯಾಗಿಂದಕ್ಕ ಅಂದಾಳ. ಒಂದು ಉಳದೇ ಐತೆಲ್ರಿ. ನಿಮಗಾದ್ರ ಅದಾರ ಅಂತಿದ್ಲು. ಅವ್ವ ನಿಮ್ಮನ್ನ ಎಂದರ ಅದು ಇದು ಅಂದಾಳೇನು?"

ಮಾತು ತರ್ಕಬದ್ಧವಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಹಾಗಾದರೆ ಅಂಗಡಿಯವನು ಯಾಕೆ ನಕ್ಕ? ಆ ಹೆಸರನ್ನು ಇಟ್ಟವರಾರು? ನಾನು ಬಂದ ಮೇಲಲ್ಲವೇ?

"ವಾಸ್ಕೋದಾಗ ಇದ್ದಾಗಿಂದ ಹಂಗ ಅಂತಾಳ. ನಾ ಸಣ್ಣಾಕಿ ಇದ್ದಾಗ ಸಮುದ್ರದ ದಂಡಿಗೆ ಕರಕೊಂಡು ಹೋಗಿ ತೋರಸ್ತಿದ್ಲು."

ಬಾಲ್ಯದ ನೆನಪಿಗೆ ಆಮೇಲಿನ ಮಾತುಗಳು ಬಂದು ಸೇರಿಕೊಳ್ಳುತ್ತವೆ, ಅದನ್ನು ಪುರಾವೆ ಎಂದು ಒಪ್ಪಲಾಗದು ಎಂದೆ. ಅವಳು ಅನ್ನಕ್ಕಿಡಲು ಹೋದಳು.

ಮುಂದಿನ ದಿನಗಳಲ್ಲಿ ನಾನು ಪುರಾವೆ ಕೂಡಿಹಾಕಿದೆ. ಅತ್ತೆ ಏಡಿಗಳಿಗೆ 'ಅವ' ಎನ್ನುತ್ತಿದ್ದರು, ಮನುಷ್ಯರಿಗೆ ಅಂದಂತೆ. ಅವುಗಳಲ್ಲಿ ಒಂದು, ಬೆಳೆದು ತನ್ನ ಶಂಖ ಬಿಗಿಯಾದಾಗ, ಒಂದು ಬಸವನಹುಳುವನ್ನು ಕೊಂದು ಅದರ ಚಿಪ್ಪಿಗೆ ಸೇರಿಕೊಂಡಿತು. ಅತ್ತೆ ಅದಕ್ಕೆ ಬೈಯಲಿಲ್ಲ. "ತಪ್ಪು ಅವಂದಲ್ಲ. ಖಾಲಿ ಶಂಖ ಇಡ್ರಿ ಅಂತ ನಿಮಗ ಎಷ್ಟು ಸಲ ಹೇಳೇನಿ?" ಎಂದು ನನ್ನ ಕಡೆ ತಿರುಗಿದರು. ಏಡಿಗೆ 'ಅವ' ಎನ್ನುವವರು 'ಒಂದು ಐತಿ' ಎಂದರೆ ಅದು ಏಡಿಯಾಗಿರಲು ಹೇಗೆ ಸಾಧ್ಯ? ಹೆಂಡತಿಯ ವ್ಯಾಕರಣ ಇಲ್ಲಿ ಕುಸಿಯುತ್ತದೆ ಎಂದು ನನಗೆ ಖುಷಿಯಾಯಿತು. ಅವಮಾನವಾಗಿದೆ ಎಂದು ಸಾಬೀತಾದುದಕ್ಕೆ ಖುಷಿ.

ಕಪ್ಪು ದುಂಡು ಹುಳುಗಳು ನಾನು ಹೇಳಿದಂತೆಯೇ ಸತ್ತವು. ಸತ್ತದ್ದು ನೀರು ಕೆಡಿಸುವ ಮುಂಚೆ ತೆಗೆಯಬೇಕು. ಸತ್ತಿದೆಯೋ ಮಲಗಿದೆಯೋ ಎಂದು ತಿಳಿಯಲು ಮೂಗಿನ ಹತ್ತಿರ ಹಿಡಿಯುವುದೊಂದೇ ದಾರಿ. ಆ ಕೆಲಸ ನನಗೆ ಬಂತು. "ಮೂಸ್ರಿ ಅಳಿಯಂದ್ರ. ಸತ್ತವರ ಸುದ್ದಿ ನಿಮಗ ಚಲೋ ಗೊತ್ತಿರತೈತಿ." ಹತ್ತನ್ನೂ ಮೂಸಿದೆ. ನೀವು ಹೇಳಿದ್ದು ಸರಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಆ ಹುಳುಗಳಿಗೆ ಮನೆಯವರ ಮುಖ ಹಿಡಿಸಲಿಲ್ಲ ಎಂದರು.

ಗೋಪುರದ ಹುಳುಗಳು ಮಾತ್ರ ಗಾಜಿನ ಮೇಲೆ, ಕಲ್ಲಿನ ಮೇಲೆ ಬಿಳಿ ದಾರಿ ಬಿಡಿಸುತ್ತ ಹೋದವು. ಏಡಿಗಳು ಕಲ್ಲಿನ ಸಂದುಗಳನ್ನು ಕೆರೆದವು. ಮಳೆಗಾಲ ಹಿಡಿಯುವ ಹೊತ್ತಿಗೆ ಹವಳ ಮತ್ತೆ ಬಿಚ್ಚಿಕೊಂಡಿತ್ತು. ಟಾಕಿ ಸರಿಯಾಗಿತ್ತು, ನಾವು ಹೋಗಬಹುದಾಗಿತ್ತು. ಅಷ್ಟರಲ್ಲಿ ಅತ್ತೆಗೆ ಎದೆನೋವು ಬಂತು.

ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಎಂದರು. ಅವರು ಪಡಸಾಲೆಯಲ್ಲಿ, ತೊಟ್ಟಿಯ ಎದುರೇ ಮಂಚ ಹಾಕಿಸಿಕೊಂಡರು. ಅಲ್ಲಿಂದಲೇ ಆಳಿದರು. ಕೈ ಇಳಿಸುವುದು ನಾನು, ಮಾತು ಅವರದು. ಎಡಕ್ಕ, ಬಲಕ್ಕ, ಆ ಕಲ್ಲಿನ ಹಿಂದ, ಅಲ್ಲಲ್ಲ, ಕಣ್ಣಾಗೇನ ಮಣ್ಣ ಬಿದ್ದೈತೇನ್ರಿ. ಕಣ್ಣು ಆಪರೇಷನ್ ಆದದ್ದು ಅವರದು.

ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ಹೆಚ್ಚು ದಿನ ಉಳಿಯಲಾರರು ಎಂದು ನನಗೆ ಗೊತ್ತಿತ್ತು, ಅವರಿಗೂ. ಈಗ ಕೇಳದಿದ್ದರೆ ಮುಂದೆ ಕೇಳಲು ಯಾರೂ ಇರುವುದಿಲ್ಲ ಎನಿಸಿತು.

"ಅವತ್ತ ಸೊಲ್ಲಾಪುರದಾಗ, ಮನ್ಯಾಗ ಒಂದು ಐತಿ ಅಂದ್ರೆಲ್ರಿ. ಯಾರಿಗಂದ್ರಿ?"

ಅವರು ಸೆರಗು ಸರಿಮಾಡಿಕೊಂಡರು.

"ಸೊಲ್ಲಾಪುರಕ್ಕ ನೀವ್ಯಾವಾಗ ಬಂದಿದ್ರಿ? ನನ್ನ ಮಗಳು ಬಂದಿದ್ಲು."

ಮರೆವೋ, ಹಗೆಯೋ, ತಮಾಷೆಯೋ, ನನಗೆ ಇವತ್ತಿಗೂ ತಿಳಿದಿಲ್ಲ. ಒಂದು ಕ್ಷಣ ನಾನು ನಿಜಕ್ಕೂ ತಡಕಾಡಿದೆ. ಡಬ್ಬಿಯ ಭಾರ ತೊಡೆಯ ಮೇಲೆ ಇತ್ತಲ್ಲ? ಇಂಡಿಯ ಕಲ್ಲುಬೆಂಚು ಬಿಸಿಯಿತ್ತಲ್ಲ? ಅಥವಾ ಹೆಂಡತಿ ಹೇಳಿದ್ದನ್ನು ನಾನು ನನ್ನದು ಮಾಡಿಕೊಂಡೆನೇ? ಹೆಂಡತಿ ತಾನು ಹೋಗಿರಲಿಲ್ಲ ಎನ್ನುತ್ತಾಳೆ. ಆದರೆ ಅವಳು ಎಡಗೈ ಎಂದೂ ಹೇಳುತ್ತಾಳೆ.

ಅವರು ತೀರಿಕೊಂಡದ್ದು ಅದಾದ ಕೆಲವು ದಿನಗಳಿಗೆ, ಬೆಳಗ್ಗೆ, ಹೆಂಡತಿ ಚಹಾ ಕೊಡಲು ಹೋದಾಗ. ಹಿಂದಿನ ಸಂಜೆ ನನ್ನೊಡನೆ ಆಡಿದ ಮಾತು, "ಫಿಲ್ಟರ್ ನೀರ ಹಾಕೀರಲ್ಲ, ಸವಳ ನೀರ ಅಲ್ಲಲ?" ಅಷ್ಟು ವರ್ಷವಾದರೂ ನನ್ನನ್ನು ನಂಬದವರಿಗೆ ಏನು ಉತ್ತರ? ಅವರಿಗಾಗಿ ನಾನು ಅಳಲಿಲ್ಲ. ಅತ್ತಿದ್ದೇನೆ ಎಂದು ಹೆಂಡತಿ ಹೇಳುತ್ತಾಳೆ. ಅವಳ ಸಾಕ್ಷ್ಯದ ಬಗ್ಗೆ ಆಗಲೇ ಬರೆದಿದ್ದೇನೆ.

ಕಾರ್ಯ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಹಿಂದಿನ ಮನೆಯ ಮಾಲೀಕರು ಫೋನ್ ಮಾಡಿದರು. ಮನೆ ಇನ್ನೂ ಖಾಲಿ ಇದೆ, ಬರುವಿರಾ ಎಂದರು. ಹೆಂಡತಿ ಬಾಗಿಲಲ್ಲಿ ನಿಂತು, "ಹೋಗೂಣೇನ್ರಿ? ಈಗ ನಾ ತಯಾರದೇನಿ," ಎಂದಳು. ನನ್ನ ಕೈ ತೊಟ್ಟಿಯೊಳಗಿತ್ತು. ಇಷ್ಟು ದೊಡ್ಡದನ್ನು ಕದಲಿಸಿದರೆ ಹವಳ ಉಳಿಯುವುದಿಲ್ಲ ಎಂದೆ. ಯಾರಿಗಾದರೂ ಕೊಟ್ಟುಬಿಡೋಣ ಎಂದಳು. ಯಾರಿಗೆ ಕೊಡುವುದು, ಸವಳು ನೀರು ಸುರಿಯುವವರಿಗೇ? ಹೆಂಡತಿ ನನ್ನನ್ನು ಒಂದು ಥರ ನೋಡಿದಳು. ಆಗ ನನಗೆ ಹೊಳೆಯಿತು: ಅತ್ತೆ ಇದ್ದಾಗ ಹೆಂಡತಿಯ ಕಾರಣಕ್ಕೆ ಈ ಮನೆಯಲ್ಲಿದ್ದೆ. ಈಗ ಯಾರ ಒತ್ತಾಯವೂ ಇಲ್ಲದೆ ಇರುತ್ತಿದ್ದೇನೆ. ಸತ್ತ ಮೇಲೂ ಗೆದ್ದರು.

ಮೊನ್ನೆ ಪಕ್ಕದ ಮನೆಯ ಹಿರಿಯ ಹೆಂಗಸು ಮಾತಾಡಿಸಲು ಬಂದಿದ್ದರು. ಅತ್ತೆಯ ಗೆಳತಿ. ಮಂಚವಿದ್ದ ಜಾಗ ನೋಡಿ ಕಣ್ಣೊರೆಸಿಕೊಂಡರು. ಆಮೇಲೆ ತೊಟ್ಟಿಯ ಕಡೆ ಬಗ್ಗಿ, "ಆಕಿ ಅಷ್ಟು ಜೀವ ಇಟ್ಟು ಸಾಕಿದ್ಲಲ್ಲ, ಆ ಮನಿಅಳಿಯ ಎಲ್ಲಾ ಸತ್ತವೇನ್ರಿ?" ಎಂದು ಕೇಳಿದರು.

ಏಡಿಗಳು ಈಚೆಗೆ ಒಂದೊಂದಾಗಿ ಹೋಗಿದ್ದವು. ಉಳಿದದ್ದು ಹಳೆಯದೋ, ಸೊಲ್ಲಾಪುರದ್ದೋ ಹೇಳುವಂತಿಲ್ಲ. ಶಂಖ ಬದಲಿಸಿದ ಮೇಲೆ ಗುರುತು ಸಿಗುವುದಿಲ್ಲ.

"ಇಲ್ರಿ," ಎಂದೆ. "ಮನ್ಯಾಗ ಒಂದು ಐತಿ."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಯಾಕೆ ನಕ್ಕಿರಿ ಎಂದು ನಾನು ಕೇಳಲಿಲ್ಲ. ತೊಟ್ಟಿಯ ನೀರು ಗಾಜಿನ ಮೇಲಿನ ಗೆರೆಗಿಂತ ಕೆಳಗಿಳಿದಿತ್ತು; ಫಿಲ್ಟರ್ ನೀರಿನ ಕೊಡ ತರಲು ಒಳಗೆ ಹೋದೆ.