ನಂದಿಬಟ್ಟಲಿನ ಬಿಳಿ

ಬಿಳಿಯಷ್ಟು ಸುಲಭದ ಬಣ್ಣ ಇನ್ನೊಂದಿಲ್ಲ ಎಂದು ನಂಬಿಯೇ ನಾನು ನಂದಿಬಟ್ಟಲನ್ನು ಆರಿಸಿಕೊಂಡದ್ದು. ಬೈಲಹೊಂಗಲದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ ತೈಲವರ್ಣದ ಹುಚ್ಚು ಹತ್ತಿತು. ಭಾನುವಾರಕ್ಕೊಮ್ಮೆ ಸವದತ್ತಿಯ ಬಸ್ಸು ಹಿಡಿದು ಹಳೆಯ ಡ್ರಾಯಿಂಗ್ ಮಾಸ್ತರರೊಬ್ಬರ ಮನೆಗೆ ಹೋಗುತ್ತಿದ್ದೆ. ಕಪ್ಪು ಹಿನ್ನೆಲೆಯ ಮೇಲೆ ಮೂರು ಬಿಳಿ ಹೂ ಬರೆಯಲು ಒಂದು ಟ್ಯೂಬು ಬಣ್ಣ ಪೂರ್ತಿ ಮುಗಿಸಿದೆ. ನಮ್ಮ ಮನೆಯವರು ಕನ್ನಡಕ ಏರಿಸಿಕೊಂಡು ನೋಡಿ, "ಹಂಚಿನ ಮ್ಯಾಲ ಮೊಸರನ್ನ ಯಾಕ ಚೆಲ್ಲೀದಿ?" ಎಂದರು.

ಮುಂದಿನ ಭಾನುವಾರ ಅದನ್ನು ಕಂಡ ಮಾಸ್ತರರು ನಗಲಿಲ್ಲ. ಕಿಟಕಿಯ ಬಳಿ ಕರಿ ಕಂಬಳಿ ಹಾಸಿ, ಅದರ ಮೇಲೊಂದು ಹೂವಿಟ್ಟು, ನನ್ನನ್ನು ಎದುರಿಗೆ ಕೂರಿಸಿದರು.

"ಅಕ್ಕಾರ, ಹೂ ಬೆಳ್ಳಗೈತಿ ಅನ್ನೋದನ್ನ ಮೊದಲ ಮರೀರಿ. ಒಂದು ತಾಸು ಬರೇ ನೋಡ್ರಿ. ಕುಂಚ ಮುಟ್ಟಬ್ಯಾಡ್ರಿ."

ಹತ್ತು ನಿಮಿಷ ಬೇಸರ. ಆಮೇಲೆ ಎಸಳಿನ ಮಗ್ಗುಲಲ್ಲಿ ಬೂದಿಯ ಬಣ್ಣ ಕಂಡಿತು. ಮಡಿಕೆಯಲ್ಲಿ ತಿಳಿನೀಲಿ, ತೊಟ್ಟಿನ ಹತ್ತಿರ ಎಳೆಹಸಿರು, ಎದುರುಗೋಡೆಯಿಂದ ಬಂದ ಒಂದಿಷ್ಟು ಹಳದಿ. ಹುಡುಕಿ ಹುಡುಕಿ ನೋಡಿದರೆ, ನಿಜವಾದ ಬಿಳಿ ಇದ್ದದ್ದು ಎಸಳೊಂದರ ಅಂಚಿನಲ್ಲಿ, ಸಾಸಿವೆ ಕಾಳಿನಷ್ಟು. ಅಷ್ಟರಿಂದಲೇ ಇಡೀ ಹೂ ಬೆಳಗುತ್ತಿತ್ತು. ಬಿಳಿ, ಬೆಳ್ಳಿ, ಬೆಳಕು, ಬೆಳಗು ಎಲ್ಲವೂ ಒಂದೇ ಬೇರಿನ ಮಾತುಗಳು ಎಂದು ವರ್ಷವರ್ಷವೂ ಮಕ್ಕಳಿಗೆ ಬರೆಸಿದವಳು ನಾನೇ. ಆ ಪಾಠ ನನಗೆ ಅರ್ಥವಾದದ್ದು ಅಂದು.

ಮನೆಗೆ ಬಂದು, ಕಪ್ಪು ಹಿನ್ನೆಲೆಯ ಮೇಲೆ ಒಂದೇ ದೊಡ್ಡ ಹೂವನ್ನು ಮೊದಲಿನಿಂದ ಶುರುಮಾಡಿದೆ. ತೈಲವರ್ಣಕ್ಕೆ ಬೆರೆಸುವುದು ಅಗಸೆಯ ಎಣ್ಣೆ. ಅದರ ವಾಸನೆ ಮೂಗಿಗೆ ಬಡಿದು ನಮ್ಮ ಅತ್ತೆ ಒಳಗಿನಿಂದಲೇ, "ಅಗಸಿ ಚಟ್ನಿ ಮಾಡಾಕ ಹತ್ತೀಯೇನು?" ಎಂದು ಕೇಳಿದರು. ಅವರಿಗೆ ಎಂಬತ್ತೆರಡು. ಕಣ್ಣಿನ ನರ ಸೊರಗಿದೆ, ಕನ್ನಡಕದಿಂದ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಎಲ್ಲವೂ ಮಂಜು. ಹಿಂದಿನ ವರ್ಷ ಹಿತ್ತಲ ಮೆಟ್ಟಿಲಲ್ಲಿ ಬಿದ್ದ ಮೇಲೆ ಅವರು ಕೆಳಗಿಳಿಯುವುದನ್ನೇ ಬಿಟ್ಟಿದ್ದರು. ತಾವೇ ನೆಟ್ಟ ನಂದಿಬಟ್ಟಲಿನ ಹೂವನ್ನು ಪೂಜೆಗೆ ನಾನು ಕೊಯ್ದು ತಂದು ಕೈಗಿಡಬೇಕಿತ್ತು.

ಚಿತ್ರ ಮುಗಿಸಿ, ಒಣಗಲೆಂದು ಪಡಸಾಲೆಯ ಕುರ್ಚಿಯ ಮೇಲಿಟ್ಟಿದ್ದೆ. ಬೆಳಿಗ್ಗೆ ಗೋಡೆ ಹಿಡಿದು ಬಂದ ಅತ್ತೆ ಅದರ ಮುಂದೆ ನಿಂತರು. ಮುಖವನ್ನು ಓರೆ ಮಾಡಿ ನೋಡಿದರು. ಆಮೇಲೆ ಕೈ ಚಾಚಿ ಹೂ ಕೀಳಲು ಹೋದರು.

"ಇಷ್ಟ ದೊಡ್ಡ ಹೂ ಎಲ್ಲಿಂದ ತಂದಿ?" ಬೆರಳು ಹಸಿ ಬಣ್ಣಕ್ಕೆ ತಾಗಿತು. "ಇದೇನ, ಎಣ್ಣಿ ಐತಲ್ಲ."

"ನಿಮಗ ಕಾಣಾಕ ಹತ್ತೈತೇನ್ರಿ, ಅತ್ತಿ?"

"ಸುತ್ತೆಲ್ಲ ಕತ್ತಲಿ ಇದ್ರ ಯಾಕ ಕಾಣೂದಿಲ್ಲ?" ಎಂದು ಎಸಳು ಎಣಿಸತೊಡಗಿದರು. ಒಂದು, ಎರಡು, ಮೂರು. ಐದಕ್ಕೆ ನಿಂತರು. ತಪ್ಪಿರಲಿಲ್ಲ.

ಅಂದು ಮಧ್ಯಾಹ್ನವೇ ಬಾಗಿಲಿಗೆ ಬಳಿಯುವ ಆಯಿಲ್ ಪೇಂಟ್ ತರಿಸಿ, ಹಿತ್ತಲ ಮೂರೂ ಕರಿಕಲ್ಲಿನ ಮೆಟ್ಟಿಲುಗಳ ಅಂಚಿಗೆ ನಂದಿಬಟ್ಟಲು ಬರೆದೆ. ಸೊಂಟ ಹಿಡಿದುಕೊಂಡಿತು. ಎರಡು ದಿನ ಒಣಗಲು ಬಿಟ್ಟು ಅತ್ತೆಯನ್ನು ಕರೆತಂದೆ.

"ಇಳೀರಿ ಅತ್ತಿ. ಕಾಣತಾವಲ್ಲ?"

"ಕಾಣತಾವ," ಎಂದು ಅಲ್ಲೇ ನಿಂತರು. "ಕಂಡದ್ದಕ್ಕ ತ್ರಾಸ ಆತು. ಹೂವಿನ ಮ್ಯಾಲ ಕಾಲ ಹೆಂಗ ಇಡ್ಲಿ?"

ಅವರು ಸೀರೆಯ ನೆರಿಗೆ ಎತ್ತಿ ಹಿಡಿದು, ಎರಡು ಹೂವಿನ ನಡುವಿನ ಜಾಗ ನೋಡಿ ಒಂದು ಹೆಜ್ಜೆಯಿಟ್ಟರು. ಮತ್ತೊಂದು. ಮತ್ತೊಂದು. ಗಿಡದ ಹತ್ತಿರ ಹೋಗಿ, ಕೊಂಬೆ ಬಾಗಿಸಿ, ಹಸಿರೆಲೆಯ ಕತ್ತಲಲ್ಲಿ ಒಂದೊಂದಾಗಿ ಕೊಯ್ದರು.

ಬೀಳುವ ಮೊದಲು, ಹುಷಾರಾಗಿ ಇಳಿಯಿರಿ ಎಂದು ಡಾಕ್ಟರು, ಮಗ, ಸೊಸೆಯಾದ ನಾನು ಎಲ್ಲರೂ ಅವರಿಗೆ ಹೇಳಿ ಹೇಳಿ ಸೋತಿದ್ದೆವು. ಈಗ ದಿನವೂ ಅವರಷ್ಟು ಹುಷಾರಾಗಿ ಮೆಟ್ಟಿಲಿಳಿಯುವವರು ನಮ್ಮ ಓಣಿಯಲ್ಲೇ ಇಲ್ಲ, ಹೂವಿಗೆ ಪೆಟ್ಟಾದೀತೆಂಬ ಅಂಜಿಕೆಯಿಂದ.