ಹಿಮದ ಗಾಡಿಗೆ ಕಾಲು ತಾಗಿಸಿದವರು

ಹಿಮವೇ ಬೀಳದ ಊರಿನಲ್ಲಿ ಹಿಮದ ಮೇಲೆ ಓಡುವ ಗಾಡಿಗಳ ಗ್ಯಾರೇಜು! ಬೆರ್ರಿಯೆಸಾದ ಆ ಶೆಡ್ಡಿನೊಳಗೆ ಮೊದಲ ಸಲ ಕಾಲಿಟ್ಟಾಗ ಯಾರೋ ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಎನಿಸಿತು. ಹೊರಗೆ ಜನವರಿಯಲ್ಲೂ ಬರಿಯ ಅಂಗಿಯಲ್ಲಿ ಓಡಾಡುವಂಥ ಬಿಸಿಲು, ಒಳಗೆ ಸಾಲಾಗಿ ಸ್ನೋಮೊಬೈಲುಗಳು. ಮುಂದೆ ಚಕ್ರದ ಬದಲು ಎರಡು ಹಲಗೆ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, ಕೂರಲು ಬೈಕಿನಂಥ ಸೀಟು. ಡಾಟ್‌ಕಾಮ್ ಕಂಪನಿಗಳಲ್ಲಿ ದಿಢೀರನೆ ಸಿರಿವಂತರಾದವರು ಇವನ್ನು ನಾಲ್ಕು ಗಂಟೆ ದೂರದ ತಾಹೋ ಬೆಟ್ಟಕ್ಕೆ ಒಯ್ದು, ಬಂಡೆಗೆ ಗುದ್ದಿಸಿ, ತಂದು ನಮ್ಮ ಮುಂದೆ ಕೆಡವುತ್ತಿದ್ದರು.

ಮಂಡ್ಯದಲ್ಲಿ ಹದಿನಾಲ್ಕು ವರ್ಷ ಟ್ರ್ಯಾಕ್ಟರು ಬಿಚ್ಚಿ ಕಟ್ಟಿದವನು ನಾನು. ಹೆಂಡತಿ ನಾಗರತ್ನಳಿಗೆ ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತೆಂದು ಅವಳ ಹಿಂದೆ ಬಂದೆ. ಕೆಲಸದ ಪರ್ಮಿಟ್ಟಿಗಾಗಿ ಎರಡು ವರ್ಷ ಅಪಾರ್ಟ್‌ಮೆಂಟಿನ ಕಾರ್ಪೆಟ್ಟು ನೋಡುತ್ತ ಕೂತೆ. ನಮ್ಮವರ ಕೂಟಗಳಿಗೆ ಹೋದರೆ ಮೊದಲ ಪ್ರಶ್ನೆಯೇ ‘ಯಾವ ಕಂಪನಿ?’ ಟ್ರ್ಯಾಕ್ಟರ್ ಮೆಕ್ಯಾನಿಕ್ಕು ಎಂದರೆ ಬಿಸಿಬೇಳೆ ಬಾತಿನ ಕಡೆ ತಿರುಗಿಬಿಡುತ್ತಿದ್ದರು. ಊರಿನಲ್ಲಿ ನನ್ನ ಕೈಗೊಂದು ಮರ್ಯಾದೆಯಿತ್ತು, ಇಲ್ಲಿ ಅದು ಗ್ರೋಸರಿ ಚೀಲ ಎತ್ತುವುದಕ್ಕೆ ಮಾತ್ರ ಬೇಕಾಗಿತ್ತು. ಕೊನೆಗೆ ಈ ಗ್ಯಾರೇಜಿನವರು ಎರಡು ವಾರ ಕೆಲಸ ನೋಡಿ ಹೇಳುತ್ತೇವೆ ಎಂದರು. ನೋಡುವವನು ಫೋರ್ಮನ್ ರಿಕ್. ಅವನಿಗೆ ನನ್ನನ್ನು ಕಂಡರಾಗದು, ನನಗೂ ಅವನನ್ನು ಕಂಡರಾಗದು.

ಎರಡು ವಾರದ ಕೊನೆಯ ದಿನ ರಿಕ್ ಒಂದು ಗಾಡಿ ತೋರಿಸಿದ. ಅದರ ಹಿಂದಿನ ಸಸ್ಪೆನ್ಷನ್ನು ಹೊರತೆಗೆದು ಸರಿಮಾಡಿ ಆಗಿತ್ತು, ಅದನ್ನು ವಾಪಸು ಕೂರಿಸಬೇಕಿತ್ತು. ದಪ್ಪ ಸ್ಪ್ರಿಂಗುಗಳಿರುವ ಕಬ್ಬಿಣದ ಚೌಕಟ್ಟನ್ನು ರಬ್ಬರ್ ಪಟ್ಟಿಯ ಹೊಟ್ಟೆಯೊಳಗೆ ತೂರಿಸಿ, ಗಾಡಿಯ ತೂತಿಗೆ ಚೌಕಟ್ಟಿನ ತೂತನ್ನು ಸರಿಹೊಂದಿಸಿ ನಾಲ್ಕು ಬೋಲ್ಟು ಹಾಕಬೇಕು. ಒಬ್ಬ ಒತ್ತಿ ಹಿಡಿದರೆ ಇನ್ನೊಬ್ಬ ಬೋಲ್ಟು ಹಾಕುವ ಕೆಲಸ. ರಿಕ್ ಕಾಫಿ ಹಿಡಿದು ಕೂತ.

ಗಾಡಿಯ ಒಡೆಯ ಅಲ್ಲೇ ಕಾಯುತ್ತಿದ್ದ. ಹೆಸರು ಪ್ರಸನ್ನ, ಸಾಫ್ಟ್‌ವೇರಿನವನು. ನಾನು ಕನ್ನಡದಲ್ಲಿ ಗೊಣಗಿಕೊಂಡದ್ದು ಕೇಳಿ ಮುಖವರಳಿಸಿದ.

“ಮಂಡ್ಯದೋರಾ? ಗೊತ್ತಾಯ್ತು ಬಿಡಿ! ನಾವು ಜಯನಗರ. ಇವತ್ತೇ ರೆಡಿ ಆಗುತ್ತಾ? ನಾಳೆಯಿಂದ ನಾಲ್ಕು ದಿನ ತಾಹೋಗೆ ಟೀಮ್ ಟ್ರಿಪ್ಪು.”

“ಆಯ್ತದೆ ಸಾರ್, ಕೂತ್ಕಳಿ,” ಎಂದೆ. ನನ್ನ ಕೆಲಸದ ಜಾಗದಲ್ಲಿ ಕನ್ನಡ ಕೇಳಿ ಖುಷಿಯಾಯಿತು.

ಗಾಡಿಯನ್ನು ರಟ್ಟಿನ ಮೇಲೆ ಮಗ್ಗುಲಾಗಿ ಮಲಗಿಸಿದೆ. ಚೌಕಟ್ಟು ತೂರಿಸಿದೆ. ಸ್ಪ್ರಿಂಗು ಹೊರಕ್ಕೆ ದಬ್ಬುತ್ತಿತ್ತು, ಇನ್ನೆರಡು ಕೈ ಬೇಕಿತ್ತು. ಬೂಟು ಬಿಚ್ಚಿ, ನೆಲಕ್ಕೆ ಕೂತು, ಗೋಡೆಗೆ ಬೆನ್ನು ಕೊಟ್ಟು ಎರಡೂ ಪಾದಗಳಿಂದ ಒತ್ತಿದೆ. ತೂತು ಸರಿಹೊಂದಿತು. ಬೋಲ್ಟು ಸಲೀಸಾಗಿ ಇಳಿಯಿತು. ನಾಲ್ಕನ್ನೂ ಬಿಗಿಮಾಡಿ ಎದ್ದವನೇ ಗಾಡಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅನ್ನ ಕೊಡುವ ಕಬ್ಬಿಣಕ್ಕೆ ಕಾಲು ತಾಗಿಸಿದ್ದೆನಲ್ಲ. ಅದನ್ನು ಯೋಚಿಸಿ ಮಾಡುವವರಿಲ್ಲ, ಕೈ ತಾನೇ ಹೋಗುತ್ತದೆ.

“ಅದೇನು ಮಾಡಿದೆ?” ರಿಕ್ ಇಂಗ್ಲಿಷಿನಲ್ಲಿ ಗದರಿದ.

ಕಬ್ಬಿಣದ ಕ್ಷಮೆ ಕೇಳಿದೆ ಎನ್ನುವಷ್ಟು ಇಂಗ್ಲಿಷು ನನ್ನಲ್ಲಿರಲಿಲ್ಲ. ಪ್ರಸನ್ನನ ಕಡೆ ನೋಡಿದೆ. ರಿಕ್ ಕೂಡ ಅವನ ಕಡೆ ತಿರುಗಿ, ನಿಮ್ಮವನು ಮಾಡಿದ್ದೇನು ಎಂದು ಕೇಳಿದ.

ಪ್ರಸನ್ನ ಭುಜ ಕುಣಿಸಿದ. “ನೋ ಐಡಿಯಾ.”

ಜಯನಗರದಲ್ಲಿ ಹುಟ್ಟಿ ಬೆಳೆದವನಿಗೆ ಗೊತ್ತಿಲ್ಲವಂತೆ!

“ಕೆಲಸದ ಮೇಲೆ ನಂಬಿಕೆ ಇರುವವನು ದೇವರಿಗೆ ಕೈಮುಗಿಯುವುದಿಲ್ಲ,” ಎಂದ ರಿಕ್. “ಪೂರ್ತಿ ಬಿಚ್ಚು. ನನ್ನ ಕಣ್ಣೆದುರಿಗೆ ಮತ್ತೆ ಹಾಕು. ಆಗದಿದ್ದರೆ ಮನೆಗೆ ಹೋಗು.”

ಬಿಚ್ಚಿದೆ. ಪ್ರಸನ್ನ ಹತ್ತಿರ ಬಂದು ಮೆಲ್ಲಗೆ, “ಬೇಜಾರ್ ಮಾಡ್ಕೋಬೇಡಿ. ಇವ್ರಿಗೆಲ್ಲ ಹೇಗೆ ಎಕ್ಸ್‌ಪ್ಲೇನ್ ಮಾಡೋದು ಹೇಳಿ?” ಎಂದ.

“ಜರುಗಿ ಸಾರ್, ಬೆಳಕಿಗೆ ಅಡ್ಡ ನಿಂತಿದ್ದೀರಿ,” ಎಂದೆ.

ಮತ್ತೆ ನೆಲಕ್ಕೆ ಕೂತೆ, ಮತ್ತೆ ಎರಡೂ ಪಾದ ಒತ್ತಿದೆ. ನಾಲ್ಕು ಬೋಲ್ಟು ಕೂತವು. ಗಾಡಿಯ ಹಿಂಭಾಗ ಎತ್ತಿ ಪಟ್ಟಿ ತಿರುಗಿಸಿದರೆ ಎರಡೂ ಅಂಚಿನಲ್ಲಿ ಒಂದೇ ಅಳತೆಯ ಸಂದು. ರಿಕ್ ಬಗ್ಗಿ ಬಗ್ಗಿ ನೋಡಿದ, ತಪ್ಪು ಸಿಗಲಿಲ್ಲ. “ಸೋಮವಾರ ಎಂಟಕ್ಕೆ ಬಾ,” ಎಂದು ಉಗಿದಂತೆ ಹೇಳಿದ. ಕೆಲಸ ಸಿಕ್ಕಿತು.

ಗಾಡಿಯನ್ನು ಟ್ರೇಲರಿಗೆ ಏರಿಸುವಾಗ ಪ್ರಸನ್ನನ ಬೂಟು ಮುಂದಿನ ಹಲಗೆಗೆ ತಾಗಿತು. ಅವನ ಕೈ ಸರಕ್ಕನೆ ಬಗ್ಗಿ ಹಲಗೆ ಮುಟ್ಟಿತು, ಕಣ್ಣಿನ ಕಡೆ ಎದ್ದಿತು. ಅಷ್ಟರಲ್ಲಿ ರಿಕ್‌ನನ್ನು ಕಂಡ. ಕೈ ದಾರಿ ತಪ್ಪಿ ಕನ್ನಡಕ ಸರಿಮಾಡಿತು.

“ವಾಟ್ ಈಸ್ ದಟ್, ಸಾರ್?” ರಿಕ್‌ಗೆ ಕೇಳಿಸಲೆಂದೇ ಜೋರಾಗಿ ಕೇಳಿದೆ.

“ನಥಿಂಗ್,” ಎಂದ. ಮುಖ ಕೆಂಪಾಗಿತ್ತು.

ನಗಬೇಕೆಂದಿದ್ದೆ, ನಗು ಬರಲಿಲ್ಲ. ಎರಡನೆಯ ಸಲ ನಾನು ಎದ್ದಾಗ ನನ್ನ ಕೈ ಗಾಡಿಯ ಕಡೆ ಹೋಗಿರಲಿಲ್ಲ, ಎಣ್ಣೆ ಬಟ್ಟೆಯ ಕಡೆ ಹೋಗಿತ್ತು.

ಮನೆಯಲ್ಲಿ ನಾಗರತ್ನ ಬಾಯಿಗೆ ಸಕ್ಕರೆ ಹಾಕಿದಳು. ಎರಡನೆಯ ಸಲ ಗಾಡಿ ಮುಟ್ಟಿ ಕಣ್ಣಿಗೊತ್ತಿಕೊಳ್ಳದ ಮಾತು ಅವಳಿಗೂ ಹೇಳಲಿಲ್ಲ. ಸೋಮವಾರ ರಿಕ್ ಬರುವ ಮೊದಲೇ ಶೆಡ್ಡಿಗೆ ಹೋಗಿ, ಸಾಲಿನ ಮೊದಲ ಗಾಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಆದರೆ ಅದಕ್ಕೆ ನನ್ನ ಕಾಲು ತಾಗಿಯೇ ಇರಲಿಲ್ಲ. ತಾಗಿದ್ದ ಗಾಡಿ ನಾನು ಇನ್ನೂ ಕಂಡಿರದ ಹಿಮದ ಮೇಲೆಲ್ಲೋ ಓಡುತ್ತಿತ್ತು.