ವಸಂತಪುರಕ್ಕೆ ಹೋಗದ ಸೋಮವಾರಗಳು

ನಾನು ಹುಟ್ಟಿ ಬೆಳೆದದ್ದು ಆಕ್ಲೆಂಡಿನಲ್ಲಿ. ಅಪ್ಪ ಬೆಂಗಳೂರಿನ ವಸಂತಪುರದವನು. ಮನೆಯ ಹೊಲಗಳೆಲ್ಲ ಸೈಟುಗಳಾಗುತ್ತಿದ್ದ ಕಾಲದಲ್ಲಿ ಕ್ರೈಸ್ತ ನರ್ಸೊಬ್ಬಳನ್ನು ಮದುವೆಯಾಗಿ, ಮನೆಯವರ ಬಾಯಿಗೆ ಸಿಕ್ಕಿ, ಅವಳ ಜೊತೆ ದೇಶವನ್ನೇ ಬಿಟ್ಟ. ಆ ನರ್ಸೇ ನನ್ನ ಅಮ್ಮ. ಅಮ್ಮನಿಂದ ನನಗೆ ಚರ್ಚು ಬಂತು, ಅಪ್ಪನಿಂದ ಕನ್ನಡ. ಇಪ್ಪತ್ತೊಂದು ತುಂಬಿದಾಗ ಹದಿನೆಂಟು ತಿಂಗಳ ಧರ್ಮಸೇವೆಗೆ ಹೆಸರು ಕೊಟ್ಟೆ. ನನಗೆ ಕನ್ನಡ ಬರುತ್ತದೆಂದು ಚರ್ಚಿನವರು ಬೆಂಗಳೂರಿಗೇ ಹಾಕಿದರು. ಆ ಸುದ್ದಿ ಹೇಳಿದ ದಿನ ಅಪ್ಪ ಅನ್ನ ಕಲಸಿದವನು ಉಣ್ಣದೆ ಹಾಗೇ ಕೂತಿದ್ದ.

ಬಿಟಿಎಂ ಲೇಔಟಿನಲ್ಲಿ, ಒಂದು ಮೆಸ್ಸಿನ ಮೇಲಿನ ಮಹಡಿಯಲ್ಲಿ ನಮ್ಮ ವಾಸ. ನಮ್ಮ ಅಂದರೆ ನಾನು ಮತ್ತು ನನ್ನ ಜೊತೆಗಾತಿ. ಅವಳು ಅಮೆರಿಕದ ಹುಡುಗಿ, ನನಗಿಂತ ಒಂದು ವರ್ಷ ಚಿಕ್ಕವಳು. ಒಬ್ಬರನ್ನು ಬಿಟ್ಟು ಒಬ್ಬರು ಗೇಟು ದಾಟುವಂತಿಲ್ಲ. ಆರೂವರೆಗೆ ಏಳಬೇಕು, ಪ್ರಾರ್ಥನೆ, ಒಂದು ಗಂಟೆ ಓದು. ಆಮೇಲೆ ಕೆಳಗಿನಿಂದ ಬರುವ ರೊಟ್ಟಿಯ ವಾಸನೆ ಮೂಗಿಗೆ ಹೊಡೆಯುತ್ತಿದ್ದರೂ ಬ್ರೆಡ್ಡು, ಜಾಮು. ಮನೆಮನೆ ಬಾಗಿಲು ತಟ್ಟುವ ಕೆಲಸ ನಮ್ಮದಲ್ಲ. ಚರ್ಚಿಗೆ ಬರುವವರ ಮನೆಗಳಿಗೆ ಹೋಗುವುದು, ಕಾಯಿಲೆಯವರ ಹತ್ತಿರ ಕೂರುವುದು, ಜಯನಗರದ ಬಾಡಿಗೆ ಹಾಲಿನಲ್ಲಿ ಸಂಜೆ ಇಂಗ್ಲಿಷ್ ಕಲಿಸುವುದು. ಸೋಮವಾರ ಮಾತ್ರ ರಜೆ. ಬಟ್ಟೆ ಒಗೆಯಲಿಕ್ಕೆ, ಮನೆಗೆ ಫೋನು ಮಾಡಲಿಕ್ಕೆ ಅದೊಂದೇ ದಿನ. ಇನ್ನೊಂದು ನಿಯಮವಿತ್ತು: ಸೇವೆ ಮುಗಿಯುವವರೆಗೆ ನೆಂಟರಿಷ್ಟರನ್ನು ನೋಡಕೂಡದು.

ಊರು ನನ್ನನ್ನು ವಿದೇಶಿ ಎಂದು ಒಪ್ಪಲೇ ಇಲ್ಲ. ಜೊತೆಗಾತಿ "ಚೆನ್ನಾಗಿದ್ದೀರಾ" ಎಂದು ಮೂರು ಕಡೆ ತಪ್ಪಿ ಹೇಳಿದರೆ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ನಾನು ನೆಟ್ಟಗೆ ಮಾತಾಡಿದರೆ "ನೀವು ಯಾವ ಜನ?" ಎಂಬ ಪ್ರಶ್ನೆ. ಕಾಫಿ ಲೋಟ ಮೊದಲು ಅವಳ ಕೈಗೆ, ಫ್ಯಾನು ಅವಳ ಕಡೆಗೆ. ಇಂಗ್ಲಿಷ್ ತರಗತಿಗೆ ಬರುತ್ತಿದ್ದ ಒಬ್ಬ ಯುವಕ, ಯಾವುದೋ ಆಫೀಸಿನಲ್ಲಿ ಕೆಲಸ ಮಾಡುವವನು, ಒಂದು ಸಂಜೆ ಎದ್ದು ನಿಂತ.

"ಮೇಡಂ, ತಪ್ಪು ತಿಳ್ಕೋಬೇಡಿ. ಇವತ್ತು ಅವ್ರೇ ಹೇಳಿಕೊಡ್ಲಿ. ನಮಗೆ ಒರಿಜಿನಲ್ ಆಕ್ಸೆಂಟ್ ಬೇಕು."

"ನನ್ನದೂ ಒರಿಜಿನಲ್ಲೇ. ನಾನು ಹುಟ್ಟಿದ್ದೇ ಅಲ್ಲಿ," ಎಂದೆ.

"ಇರಬೋದು ಮೇಡಂ," ಅಂದು ಅವನು ನಕ್ಕ. ತರಗತಿಯೂ ನಕ್ಕಿತು. ಅಂದಿನಿಂದ ನಾನು ಹಾಜರಿ ಬರೆದುಕೊಂಡೆ, ಕುರ್ಚಿ ಜೋಡಿಸಿದೆ. ಅವಮಾನವಾದಷ್ಟೂ ನಿಯಮಗಳನ್ನು ಬಿಗಿಯಾಗಿ ಹಿಡಿದೆ. ಬೇರೆ ಯಾವುದರಲ್ಲೂ ನಾನು ಅವಳಿಗಿಂತ ಮೇಲಾಗುವಂತಿರಲಿಲ್ಲ.

ಒಂಬತ್ತನೆಯ ತಿಂಗಳು, ಒಂದು ಸೋಮವಾರ ಅಪ್ಪ ಫೋನಿನಲ್ಲಿ ಹೇಳಿದ: "ಅವ್ವ ಹಾಸಿಗೆ ಹಿಡಿದವ್ಳಂತೆ. ಸೊಂಟ ಮುರಿದದೆ." ಅಪ್ಪನ ಬಾಲ್ಯದ ಗೆಳೆಯನೊಬ್ಬ ಅದೇ ಬೀದಿಯಲ್ಲಿದ್ದ. ಸುದ್ದಿ ಬರುತ್ತಿದ್ದದ್ದು ಅವನಿಂದಲೇ. "ನೀನು ಅಲ್ಲಿರೋದು ಅವಳಿಗೆ ಗೊತ್ತಾಗ್ಬಿಟ್ಟದೆ. ಒಂದ್ಸಲ ನೋಡ್ಕೊಂಡ್ ಬಾರಮ್ಮ. ನಂಗಂತೂ ಮುಖ ಇಲ್ಲ."

ಅಜ್ಜಿಯನ್ನು ನಾನು ನೋಡಿದ್ದು ಒಂದು ಹಳೆಯ ಫೋಟೋದಲ್ಲಿ ಮಾತ್ರ. ಬನಶಂಕರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ.

ನಮ್ಮ ಮೇಲ್ವಿಚಾರಕರನ್ನು ಕೇಳಿದೆ. ಅವರೂ ಹೊರದೇಶದವರು, ಮೆಲುದನಿಯ ಹಿರಿಯರು. ಕಣ್ಣು ಮುಚ್ಚಿ ಪ್ರಾರ್ಥಿಸಿ, "ನೀನು ದೇವರ ಕೆಲಸ ನೋಡು, ಆಕೆಯನ್ನು ದೇವರು ನೋಡಿಕೊಳ್ಳುತ್ತಾನೆ. ಆದರೂ ತೀರ್ಮಾನ ನಿನಗೆ ಬಿಟ್ಟಿದ್ದು," ಎಂದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಈಗ ಅದೇ ನನ್ನನ್ನು ಹೆಚ್ಚು ಸುಡುವುದು.

ಜೊತೆಗಾತಿ ಚಪ್ಪಲಿ ಹಾಕಿಕೊಂಡೇ ನಿಂತಿದ್ದಳು. "ನಡಿ ಹೋಗೋಣ. ಯಾರು ಕೇಳ್ತಾರೆ? ಅವಳು ನಿನ್ನ ಅಜ್ಜಿ."

"ನಿಯಮ ನಿಯಮವೇ," ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ನನಗೆ ಅದು ಸೋತವರ ನೋಟದಂತೆ ಕಂಡು ಒಳಗೊಳಗೇ ಹಿಗ್ಗಾಯಿತು.

ಅಷ್ಟಕ್ಕೇ ಸುಮ್ಮನಿರಲಿಲ್ಲ. ಮುಂದಿನ ಭಾನುವಾರ ಚರ್ಚಿನಲ್ಲಿ ಸಾಕ್ಷಿ ಹೇಳಲು, ಅಂದರೆ ನನ್ನ ವಿಶ್ವಾಸದ ಅನುಭವವನ್ನು ಎಲ್ಲರೆದುರು ಹೇಳಲು, ನಿಂತೆ. ಸೇವೆಗಾಗಿ ಸಾಯುತ್ತಿರುವ ಅಜ್ಜಿಯನ್ನೂ ನೋಡದೆ ಉಳಿದೆನೆಂದು ಕನ್ನಡದಲ್ಲಿ ಹೇಳಿದೆ, ಇಂಗ್ಲಿಷಿನಲ್ಲೂ ಹೇಳಿದೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೊದಲ ಬಾರಿಗೆ ಅಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಬ್ಬಾಕೆ ಮಾತ್ರ ಕೈ ಹಿಡಿದು, "ಆದ್ರೂ ಹೋಗ್ಬಂದ್ಬಿಡಿ ಸಿಸ್ಟರ್, ದೇವರಿಗೆ ಅರ್ಥ ಆಗ್ತದೆ," ಎಂದಳು. ಅವಳ ವಿಶ್ವಾಸ ಇನ್ನೂ ಎಳೆಯದು ಎಂದುಕೊಂಡೆ.

ಆಮೇಲೆ ಅಪ್ಪ ಅಜ್ಜಿಯ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಸೇವೆ ಮುಗಿದ ಮರುದಿನವೇ ವಸಂತಪುರಕ್ಕೆ ಹೋದೆ, ಒಬ್ಬಳೇ. ಹದಿನೆಂಟು ತಿಂಗಳಲ್ಲಿ ಮೊದಲ ಸಲ ಪಕ್ಕದಲ್ಲಿ ಯಾರೂ ಇರಲಿಲ್ಲ. ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಬಾಡಿಗೆ ಮನೆಗಳು, ಹಿಂದೆ ಅಪ್ಪನ ಮನೆಯವರು ಇರುವ ಮನೆ. ಬಾಗಿಲು ತೆರೆದವರು ಚಿಕ್ಕಪ್ಪ. ನಾನು ಯಾರೆಂದು ಹೇಳಬೇಕಾಗಲೇ ಇಲ್ಲ.

"ಅಣ್ಣನ ಮುಖಾನೇ," ಅಂದರು. ಒಳಗೆ ಬಾ ಅನ್ನಲಿಲ್ಲ.

"ಅಜ್ಜಿ..."

"ಆರು ತಿಂಗಳಾಯ್ತು."

ಅವರು ಅಂಗಡಿಯ ಕಡೆ ನೋಡುತ್ತಾ ಹೇಳಿದರು: "ನೀನು ಬಂದಿದ್ದೀಯ ಅಂತ ಗೊತ್ತಾದ್ಮೇಲೆ ಮಂಚಾನ ಈ ಬಾಗಿಲಿಗೆ ಎದುರು ಹಾಕ್ಸಿದ್ಳು. ಗೇಟ್ ಸದ್ದಾದ್ರೆ ಸಾಕು, ಯಾರೋ ನೋಡು ಅನ್ನೋಳು. ನಾನೇ ಒಂದಿನ ಜಯನಗರದಲ್ಲಿ ನಿನ್ನ ನೋಡ್ದೆ, ಆ ಬಿಳಿ ಹುಡುಗಿ ಜೊತೆ. ನಗ್ತಾ ಹೋಗ್ತಿದ್ದೆ. ಅವ್ವನಿಗೆ ಹೇಳ್ಲಿಲ್ಲ."

"ನಾನು ಬರೋ ಹಾಗಿರಲಿಲ್ಲ ಚಿಕ್ಕಪ್ಪ. ನಿಯಮ ಇತ್ತು."

"ನಿಮ್ಮಪ್ಪನ ಮದುವೆ ದಿನ ನಾವೂ ಹಂಗೇ ಅಂದಿದ್ವಿ," ಅಂದರು ಅವರು. "ನಮ್ಮಲ್ಲೂ ನಿಯಮ ಇತ್ತು."

ಚಿಕ್ಕಮ್ಮ ಹೊರಗೆ ಬಂದು ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ಮೆಟ್ಟಿಲ ಮೇಲೆ ಕೂತು ಕುಡಿದೆ. ಗ್ರಾಹಕರು ಬಂದರೆಂದು ಚಿಕ್ಕಪ್ಪ ಅಂಗಡಿಗೆ ಹೋದರು, ತಿರುಗಿ ಬರಲಿಲ್ಲ.

ಬಸ್ ಸ್ಟಾಪಿನಿಂದಲೇ ಅಪ್ಪನಿಗೆ ಫೋನು ಮಾಡಿದೆ. ಅಜ್ಜಿ ಹೋದ ದಿನವೇ ಅವನಿಗೆ ಗೊತ್ತಾಗಿತ್ತಂತೆ.

"ನನಗ್ಯಾಕೆ ಹೇಳ್ಲಿಲ್ಲ?" ಎಂದು ಕೂಗಾಡಿದೆ. ಪಕ್ಕದಲ್ಲಿದ್ದವರು ಸರಿದು ನಿಂತರು.

"ಹೇಳಿದ್ರೆ ಹೋಗ್ತಿದ್ಯಾ?" ಅಂದ ಅಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂಬ ಹಾಗೆ ಕೇಳಿದ್ದ.

ಹೋಗುತ್ತಿರಲಿಲ್ಲ. ಇನ್ನೊಂದು ಭಾನುವಾರ ಸಾಕ್ಷಿ ಹೇಳುತ್ತಿದ್ದೆ, ಅಷ್ಟೇ. ಅದನ್ನು ಅಪ್ಪನಿಗೆ ಹೇಳುವ ಧೈರ್ಯ ಅಂದೂ ಬರಲಿಲ್ಲ, ಆಮೇಲೂ ಬಂದಿಲ್ಲ. ಈಗ ಕೆಲಸದ ಮೇಲೆ ಮತ್ತೆ ಬೆಂಗಳೂರಿಗೇ ಬಂದು ಜೆಪಿ ನಗರದಲ್ಲಿದ್ದೇನೆ. ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಚಿಕ್ಕಮ್ಮ ಯುಗಾದಿಗೆ ಒಮ್ಮೆ ಫೋನು ಮಾಡಿ, ಊಟ ಆಯ್ತಾ ಎಂದು ಕೇಳುತ್ತಾರೆ. ಆಯ್ತು ಅನ್ನುತ್ತೇನೆ. ಬಾ ಎಂದು ಅವರು ಕರೆಯುವುದಿಲ್ಲ, ಬರಲಾ ಎಂದು ನಾನೂ ಕೇಳುವುದಿಲ್ಲ.